ಕೆನ್ನೆಯ ನೆರಳು

ಚಿತ್ರದ ಪಕ್ಕದಲ್ಲಿ ಗೋಡೆಗೆ ಹಾಕುವ ಚೀಟಿಯನ್ನು ಒಂದು ಸಲ ನೋಡಿಬಿಡಿ ಎಂದು ಆಫೀಸಿನವರು ಬೆಳಿಗ್ಗೆಯೇ ಕಾಗದವನ್ನು ಅವಳ ಮೇಜಿನ ಮೇಲಿಟ್ಟು ಹೋಗಿದ್ದರು. ಏಳು ಸಾಲು. ಅವಳು ಆರನೆಯ ಸಾಲಿನವರೆಗೆ ಓದಿದಳು. ಏಳನೆಯದರ ಮೊದಲ ಎರಡು ಪದ ಕಣ್ಣಿಗೆ ಬಿದ್ದ ಕೂಡಲೇ ಕಾಗದವನ್ನು ಮಗುಚಿ, ಗಾಳಿಗೆ ಹಾರಿಹೋದೀತೆಂಬಂತೆ ಅದರ ಮೇಲೆ ಹತ್ತಿಯ ಡಬ್ಬಿಯನ್ನಿಟ್ಟಳು. ಮ್ಯೂಸಿಯಮ್ಮಿನ ನೆಲಮಾಳಿಗೆಯ ಆ ಕೋಣೆಗೆ ಗಾಳಿ ಬರುವ ದಾರಿಯೇ ಇರಲಿಲ್ಲ. ಹಳೆಯ ಚಿತ್ರಗಳನ್ನು ಶುಚಿಮಾಡಿ, ಉದುರಿದಲ್ಲಿ ಬಣ್ಣ ತುಂಬಿ, ಹರಿದಲ್ಲಿ ಬಟ್ಟೆ ಕೂಡಿಸುವ ಈ ರಿಪೇರಿ ಕೋಣೆಯಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಕೊನೆಯ ಹನ್ನೊಂದು ವರ್ಷ ಮುಖ್ಯಸ್ಥೆಯಾಗಿ. ಕಾವಲುಗಾರರು ಅವಳನ್ನು ಹತ್ತಿ ಅಕ್ಕ ಎನ್ನುತ್ತಿದ್ದರು. ಯಾವಾಗ ನೋಡಿದರೂ ಕಡ್ಡಿಗೆ ಹತ್ತಿ ಸುತ್ತುತ್ತ ಕೂತಿರುತ್ತಾಳೆ, ಊರಿನ ಕಿವಿಗಳಿಗೆಲ್ಲ ಇವಳೊಬ್ಬಳೇ ಸಾಕು ಎಂದು ಅವರ ತಮಾಷೆ. ಚೀಟಿಯಲ್ಲಿದ್ದುದು ‘ಸೂಜಿಗೆ ದಾರ ಪೋಣಿಸುವ ಹೆಂಗಸು’ ಎಂಬ ಚಿತ್ರದ ವಿವರ. ಬರೆದವನು ಯಾರೆಂದು ಗೊತ್ತಿಲ್ಲ, ಮುನ್ನೂರೈವತ್ತು ವರ್ಷದಷ್ಟು ಹಳೆಯದು, ಒಂದು ಮೊಳ ಅಗಲವೂ ಇಲ್ಲ. ಏಳನೆಯ ಸಾಲಿನಲ್ಲಿ ಏನಿದೆಯೆಂದು ಓದದೆಯೇ ಅವಳಿಗೆ ಗೊತ್ತಿತ್ತು. ಮುಖದ ಎಡಭಾಗವು ಹಿಂದೊಮ್ಮೆ ಶುಚಿ ಮಾಡುವಾಗ ಹಾಳಾಗಿ, ಬಣ್ಣ ತುಂಬಿ ಸರಿಪಡಿಸಲಾಗಿದೆ. ಹಾಳಾಗಿ. ತಾನೇ ಹಾಳಾದ ಹಾಗೆ. ಹಾಲು ಒಡೆದ ಹಾಗೆ. ವಾಕ್ಯದಲ್ಲಿ ಮಾಡಿದವರೇ ಇಲ್ಲದಂತೆ ಬರೆಯುವುದು ಎಷ್ಟು ಸುಲಭವೆಂದು ಅವಳಿಗೆ ಅಸೂಯೆಯಾಯಿತು.

ಹನ್ನೊಂದು ಗಂಟೆಗೆ ಮೇಲಿನ ಸಭಾಂಗಣದಲ್ಲಿ ಉಪನ್ಯಾಸವಿತ್ತು. ಬೇರೆ ಊರಿನಿಂದ ಬಂದಿದ್ದ ಚಿತ್ರಕಲಾ ಚರಿತ್ರೆಯ ಪ್ರೊಫೆಸರು ಮಾತಾಡುವುದು, ಆಮೇಲೆ ಹೊಸ ಕೋಣೆಯಲ್ಲಿ ತೂಗುಹಾಕಿದ ಚಿತ್ರಗಳನ್ನು ಎಲ್ಲರೂ ಹೋಗಿ ನೋಡುವುದು. ಚಿತ್ರಗಳ ಕ್ರಮ ನಿಮಗೇ ಚೆನ್ನಾಗಿ ಗೊತ್ತು, ಪರದೆಯ ಮೇಲೆ ಒಂದೊಂದಾಗಿ ಬರುವಂತೆ ಗುಂಡಿ ಒತ್ತುವುದನ್ನು ನೀವೇ ನೋಡಿಕೊಂಡುಬಿಡಿ ಎಂದು ಮ್ಯೂಸಿಯಮ್ಮಿನ ನಿರ್ದೇಶಕರು ಹೇಳಿದ್ದರು. ಅದು ಹೆದರಿಕೆಯ ಕೆಲಸವೇನಲ್ಲ. ಆದರೆ ಹಿಂದಿನ ಸಂಜೆ, ಅವಳಿಗೆ ಈ ಕೆಲಸ ಕಲಿಸಿದ ಮೇಷ್ಟ್ರ ಮಗಳು ಫೋನ್ ಮಾಡಿ, ಅಪ್ಪ ನಾಳೆ ಬಂದೇ ಬರ್ತೀನಿ ಅಂತ ಹಟ ಹಿಡಿದಿದ್ದಾರೆ, ಮುಂದಿನ ಸಾಲುಗಳಲ್ಲಿ ಒಂದು ಜಾಗ ಹಿಡಿದಿಡ್ತೀರಾ ಅಕ್ಕ ಎಂದು ಕೇಳಿದ್ದಳು. ಹೂಂ, ಕರಕೊಂಡು ಬಾ ಎಂದವಳು ಅವಳೇ. ಫೋನ್ ಇಟ್ಟ ಮೇಲೆ ಗಂಡ ಕಣ್ಣಿನ ಭೂತಗನ್ನಡಿಯನ್ನು ತೆಗೆಯದೆಯೇ, ಬಿಚ್ಚಿಟ್ಟ ಗಡಿಯಾರದ ಮೇಲೆ ಬಗ್ಗಿಕೊಂಡೇ, ಮೇಷ್ಟ್ರಾ ಎಂದು ಕೇಳಿದ. ಅವನದು ಗಡಿಯಾರ ರಿಪೇರಿ. ಮನೆಯಲ್ಲಿ ಇಬ್ಬರೂ ರಿಪೇರಿಯವರೇ, ಅಡುಗೆಮನೆಯ ನಲ್ಲಿ ಮಾತ್ರ ಮದುವೆಯಾದಾಗಿನಿಂದ ಸೋರುತ್ತಲೇ ಇದೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಎಷ್ಟು ವರ್ಷ ಆಯ್ತು ನೀನು ಅವರನ್ನ ನೋಡಿ ಎಂದು ಅವನು ಮತ್ತೆ ಕೇಳಿದಾಗ, ಲೆಕ್ಕ ಇಟ್ಟಿಲ್ಲ ಎಂದಳು. ಇಟ್ಟಿದ್ದಳು. ಒಂಬತ್ತು ವರ್ಷ.

ಮೊದಲ ದಿನ ಮೇಷ್ಟ್ರು ಅವಳ ಕೈಗೆ ಕಡ್ಡಿ ಕೊಟ್ಟು, ಅದು ಎಡಗೈಗೆ ಹೋದದ್ದನ್ನು ಕಂಡು ನಕ್ಕಿದ್ದರು. ಆವತ್ತಿನಿಂದ ಅವಳು ಅವರಿಗೆ ಎಡಚಿ. ಲಿಯೊನಾರ್ಡೊನೂ ನಿನ್ನ ಜಾತಿಯವನೇ, ಅವನು ಎಳೆದ ಗೆರೆಗಳು ಬೇರೆಯವರ ಗೆರೆಗಳಿಗೆ ತಿರುವುಮುರುವಾಗಿ ವಾಲಿರ್ತವೆ, ಅಷ್ಟರಿಂದಲೇ ಇದು ಅವನ ಕೈಯೋ ಶಿಷ್ಯಂದಿರ ಕೈಯೋ ಅಂತ ಹಿಡೀತಾರೆ, ನೀನು ಕದ್ದು ಏನೂ ಬರೆಯೋ ಹಾಗಿಲ್ಲ ಎಂದಿದ್ದರು. ಹಳೆಯ ಚಿತ್ರಕಾರರ ಬಗ್ಗೆ ಅವರು ಮಾತಾಡುತ್ತಿದ್ದುದು ದೊಡ್ಡಪ್ಪ ಚಿಕ್ಕಪ್ಪಂದಿರ ಬಗ್ಗೆ ಮಾತಾಡುವ ಹಾಗೆ. ಟಿಷಿಯನ್ನನಿಗೆ ಮುದಿತನದಲ್ಲಿ ಬ್ರಷ್ಷೇ ಬೇಡವಾಯಿತಂತೆ, ಬೆರಳಿನಲ್ಲೇ ಉಜ್ಜುತ್ತಿದ್ದನಂತೆ. ವರ್ಮೀರ್ ಬಿಳಿಯ ಬಟ್ಟೆಯ ಮಡಿಕೆಯೊಳಗೂ ನೀಲಿ ಬಚ್ಚಿಡುತ್ತಿದ್ದ, ಮೇಲ್ನೋಟಕ್ಕೆ ಯಾರಿಗೂ ಗೊತ್ತಾಗದ ಹಾಗೆ. ಗೊತ್ತಾಗದಿದ್ದರೂ ಬಿಳಿ ತಣ್ಣಗಿರುತ್ತದೆ. ರೆಂಬ್ರಾಂಟ್ ಬೆಳಕನ್ನು ಗಾರೆಯವನ ಹಾಗೆ ಮೆತ್ತುತ್ತಿದ್ದ, ನೆರಳನ್ನು ಉಸಿರಿನಿಂದ ಬರೆಯುತ್ತಿದ್ದ. ಮೇಷ್ಟ್ರು ಈ ಕೊನೆಯ ಮಾತನ್ನು ಹೇಳುವಾಗ ನಿಜವಾಗಿಯೂ ಅಂಗೈ ಮೇಲೆ ಉಸಿರು ಬಿಟ್ಟು ತೋರಿಸುತ್ತಿದ್ದರು. ಬೆಳಕು ದಪ್ಪ, ಅದು ತಡಕೊಳ್ಳುತ್ತೆ. ನೆರಳು ಎಣ್ಣೆಯಲ್ಲಿ ಕಲಸಿದ ಒಂದು ಪೊರೆ ಬಣ್ಣ, ಅಷ್ಟೆ. ಅವನು ಎಲ್ಲದಕ್ಕಿಂತ ಕೊನೆಯಲ್ಲಿ ಹಾಕಿದ್ದನ್ನೇ ನಾವು ಎಲ್ಲದಕ್ಕಿಂತ ಮೊದಲು ಕಳಕೊಳ್ಳೋದು. ಆದ್ದರಿಂದ ನೆರಳಿನ ಹತ್ತಿರ ಹೋಗೋವಾಗ ತೊಳೆಯೋ ಸಾಲ್ವೆಂಟ್ ಅರ್ಧ, ಕೈ ಅರ್ಧ, ಧೈರ್ಯವೂ ಅರ್ಧ. ಅವಳು ಇದನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದಳು. ತನ್ನ ಕೈಕೆಳಗಿನ ಹೊಸಬರಿಗೆ ಈಗಲೂ ಇದನ್ನೇ ಹೇಳಿಕೊಡುತ್ತಾಳೆ, ಅಂಗೈ ಮೇಲೆ ಉಸಿರು ಬಿಡುವುದೊಂದನ್ನು ಬಿಟ್ಟು.

ಹದಿನಾಲ್ಕು ವರ್ಷದ ಹಿಂದೆ ಚಿತ್ರದ ಆ ಹೆಂಗಸು ಈ ಮೇಜಿನ ಮೇಲೆಯೇ ಮಲಗಿದ್ದಳು. ಹಳೆಯ ವಾರ್ನಿಶ್ಶು ಕಂದುಗಟ್ಟಿ ಇಡೀ ಚಿತ್ರ ಚಹಾದಲ್ಲಿ ಅದ್ದಿ ತೆಗೆದಂತಿತ್ತು. ಮೇಷ್ಟ್ರು ಬಟ್ಟೆ, ಕಿಟಕಿ, ಕೈಗಳು, ಬೆಳಕಿದ್ದ ಬಲಗೆನ್ನೆ ಎಲ್ಲವನ್ನೂ ಮುಗಿಸಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಆಸ್ಪತ್ರೆ ಸೇರಿದರು. ಎರಡು ವಾರ ಅವರು ರಾತ್ರಿ ಆಸ್ಪತ್ರೆಯಲ್ಲಿ, ಹಗಲು ಇಲ್ಲಿ. ಕೂತಲ್ಲೇ ತೂಕಡಿಸುತ್ತಿದ್ದರು, ನಿನ್ನೆ ಮಾಡಿದ್ದನ್ನು ಇವತ್ತು ಮರೆಯುತ್ತಿದ್ದರು. ಕೊನೆಗೆ ಫೋನು ಬಂದ ದಿನ ಕೋಟನ್ನು ಉಲ್ಟಾ ಹಾಕಿಕೊಂಡು ಬಾಗಿಲಲ್ಲಿ ನಿಂತು, ಎಡಚಿ, ಆ ಕೆನ್ನೆ ಮುಟ್ಟಬೇಡ, ನಾನು ಬಂದ ಮೇಲೆ ನೋಡೋಣ ಎಂದು ಹೇಳಿ ಹೋದರು. ಮೂರು ದಿನ ಅವಳು ಮುಟ್ಟಲಿಲ್ಲ. ನಾಲ್ಕನೆಯ ದಿನ ಮುಟ್ಟಿದಳು. ಯಾಕೆ ಎಂದು ಅವಳು ತನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಪ್ರತಿ ಸಲವೂ ಸ್ವಲ್ಪ ಮರ್ಯಾದೆಯ ಉತ್ತರವೊಂದು ಸಿಕ್ಕಿದೆ. ದುಃಖದಲ್ಲಿರುವ ಗುರುವಿಗೆ ಕೆಲಸ ಹಗುರ ಮಾಡೋಣವೆಂದು. ನಿರ್ದೇಶಕರು ಇಣುಕಿ, ಇದೇನಮ್ಮ ಅರ್ಧ ಮುಖ ತೊಳೆದ ಹಾಗಿದೆಯಲ್ಲ ಅಂದರೆಂದು. ಉತ್ತರ ಯಾವುದಾದರೂ, ಮಧ್ಯಾಹ್ನ ಊಟದ ಹೊತ್ತಿಗೆ ಆ ಕೆನ್ನೆಯ ಮೇಲಿನ ನೆರಳು ಇರಲಿಲ್ಲ. ಅದರಡಿ ಇದ್ದ ತಿಳಿಗುಲಾಬಿ ಬಣ್ಣ, ಸುಟ್ಟ ಚರ್ಮದ ಸಿಪ್ಪೆ ಸುಲಿದ ಮೇಲೆ ಕಾಣುವ ಹೊಸ ಚರ್ಮದ ಹಾಗೆ, ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಆ ಹೆಂಗಸಿನ ಮುಖ ಎಡಬಲವೇ ಇಲ್ಲದೆ ತಟ್ಟೆಯಂತಾಗಿತ್ತು. ಅವಳು ಬಾಗಿಲ ಚಿಲಕ ಹಾಕಿ, ಎರಡು ದಿನ ಕೂತು, ಕಂದು, ಕೆಂಪು, ಚೂರು ಕಪ್ಪು ಸೇರಿಸಿ, ಕೂದಲೆಳೆಯಂಥ ಗೆರೆಗಳಲ್ಲಿ ನೆರಳನ್ನು ಮತ್ತೆ ಬರೆದಳು. ಎಷ್ಟು ಚೆನ್ನಾಗಿ ಬರೆದಳೆಂದರೆ, ಮುಗಿದ ಮೇಲೆ ಒಂದು ಕ್ಷಣ ಅವಳಿಗೆ ಹೆಮ್ಮೆಯಾಯಿತು.

ಹೆಂಡತಿಯನ್ನು ಕಳೆದುಕೊಂಡ ಮೇಷ್ಟ್ರು ಹದಿನಾರು ದಿನದ ಮೇಲೆ ಕೆಲಸಕ್ಕೆ ಬಂದರು. ಮುಖ ಕ್ಷೌರ ಮಾಡಿಕೊಳ್ಳುವಾಗ ಅಲ್ಲಲ್ಲಿ ಬಿಟ್ಟುಹೋಗಿತ್ತು. ಚಿತ್ರದ ಮೇಲೆ ಬಗ್ಗಿ ತುಂಬ ಹೊತ್ತು ನೋಡಿ, ಈ ಕಡೆ ಕೆನ್ನೆ ಯಾರು ಮಾಡಿದ್ದು ಎಂದು ಕೇಳಿದರು. ಅವಳು ಆಗ ಬಾಟಲಿಗಳನ್ನು ಒರೆಸುತ್ತಿದ್ದಳು, ತಿರುಗಲೂ ಇಲ್ಲ. “ನೀವೇ ಮುಗಿಸಿ ಹೋಗಿದ್ರಲ್ಲ ಮೇಷ್ಟ್ರೇ” ಅಂದಳು. ಅವರು “ಹೌದಾ” ಅಂದರು. ಅಷ್ಟೆ. ವರದಿಗೆ ಸಹಿ ಹಾಕಿದರು. ಆ ಒಂದು ‘ಹೌದಾ’ದ ಮೇಲೆ ಅವಳು ಹದಿನಾಲ್ಕು ವರ್ಷ ಬದುಕಿದ್ದಾಳೆ. ಅವರಿಗೆ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಗೆರೆಗಳು ಎಡಗೈಯವಳ ಗೆರೆಗಳು; ಆ ಪಾಠ ಹೇಳಿಕೊಟ್ಟವರೇ ಅವರು. ಗೊತ್ತಾಗಿ, ತನ್ನ ಶಿಷ್ಯೆ ಸುಳ್ಳು ಹೇಳುತ್ತಿದ್ದಾಳೆಂದೂ ಗೊತ್ತಾಗಿ, ಹೋಗಲಿ ಪಾಪ ಎಂದು ಬಿಟ್ಟುಕೊಟ್ಟ ‘ಹೌದಾ’ ಅದು. ಮೂರು ವರ್ಷದ ಮೇಲೆ ಚಿತ್ರವನ್ನು ಇನ್ನೊಂದು ಮ್ಯೂಸಿಯಮ್ಮಿಗೆ ಕಳಿಸುವ ಮೊದಲು, ಆಮೇಲೆ ಬಳಿದ ಬಣ್ಣವನ್ನು ತೋರಿಸಿಕೊಡುವ ನೇರಳೆ ದೀಪದ ಕೆಳಗೆ ಫೋಟೊ ತೆಗೆಸಿದಾಗ, ಹಳೆಯ ಬಣ್ಣವೆಲ್ಲ ಮಂಕಾಗಿ ಹೊಳೆದು ಆ ಕೆನ್ನೆಯೊಂದು ಅಂಗೈ ಊರಿದ ಮಸಿಯಂತೆ ಕಪ್ಪಾಗಿ ಬಂತು. ನಿರ್ದೇಶಕರ ಕೋಣೆಯಲ್ಲಿ ಅವಳು ಫೋಟೊದ ಅಂಚನ್ನು ನೇರ ಮಾಡುತ್ತ ನಿಂತಳು. ಮೇಷ್ಟ್ರು ಫೋಟೊ ನೋಡಿ, ಇದು ನನ್ನ ಕೈ ಕೆಲಸ, ಆಗ ನನ್ನ ಕಣ್ಣು ಸರಿ ಇರಲಿಲ್ಲ ಅಂದರು. ಒಂದು ವರ್ಷ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಯ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಾಗ ಎಲ್ಲರೂ ಗುರುಭಕ್ತಿಯೆಂದುಕೊಂಡರು. ಮೊದಲೆರಡು ವರ್ಷ ಆಗಾಗ ಅವರ ಮನೆಗೆ ಹೋದಳು. ಅವರು ಅವಳ ಕೆಲಸದ ಬಗ್ಗೆ ವಿಚಾರಿಸುತ್ತಿದ್ದರು, ಕುಡಿಯಲು ಏನಾದರೂ ಕೊಡು ಎಂದು ಮಗಳಿಗೆ ಹೇಳುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಇಷ್ಟು ಮೃದುವಾಗಿರುವವರ ಎದುರು ಕೂರುವುದು ಅವಳಿಂದಾಗಲಿಲ್ಲ. ಹೋಗುವುದನ್ನು ಬಿಟ್ಟಳು. ಬಿಟ್ಟದ್ದಕ್ಕೂ ಅವರ ಒಳ್ಳೆಯತನವೇ ಕಾರಣವೆಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು, ಅವರದೇ ತಪ್ಪೆಂಬಂತೆ.

ಸಭಾಂಗಣ ತುಂಬಿತ್ತು. ಮೇಷ್ಟ್ರು ಎರಡನೆಯ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದರು. ಎಪ್ಪತ್ತಾಗಿದ್ದರೂ ಬೆನ್ನು ನೇರ, ಅಂಗಿಯ ಕಾಲರು ಮಾತ್ರ ಕತ್ತಿಗೆ ದೊಡ್ಡದಾಗಿ ಸಡಿಲವಾಗಿತ್ತು. ಅವಳು ಹಿಂದಿನ ಮೂಲೆಯಲ್ಲಿ ಯಂತ್ರದ ಪಕ್ಕ ನಿಂತು ಅವರ ತಲೆಯ ಹಿಂಭಾಗವನ್ನಷ್ಟೇ ನೋಡಿದಳು, ಹೋಗಿ ಮಾತಾಡಿಸಲಿಲ್ಲ. ಕೆಲಸವಿತ್ತಲ್ಲ, ಗುಂಡಿ ಒತ್ತುವ ಕೆಲಸ. ಪ್ರೊಫೆಸರಿಗೆ ನಲವತ್ತರ ಆಸುಪಾಸು, ಚೂಟಿ ಮನುಷ್ಯ. ಮಾತು ನೆರಳಿನ ಬಗ್ಗೆ. ಕಾರವಾಜಿಯೊ ಕೋಣೆಯ ದೀಪವೆಲ್ಲ ಆರಿಸಿ ಒಂದೇ ಕಿಂಡಿ ತೆರೆದವನ ಹಾಗೆ ಬರೆದ. ಕತ್ತಲಿಂದ ಒಂದು ಮೊಣಕಾಲು, ಒಂದು ಕೊಳಕು ಪಾದ ಹೊರಗೆ ಬರುತ್ತದೆ. ಗುಂಡಿ. ರೆಂಬ್ರಾಂಟನ ಮುದಿ ಮುಖ ಬಂತು, ಹಣೆಯ ಮೇಲೆ ಬೆಳಕು ಮೆತ್ತಿ, ಕಣ್ಣುಗಳನ್ನು ಅರ್ಧ ಕತ್ತಲಿಗೆ ಬಿಟ್ಟುಕೊಟ್ಟ ಮುಖ. ತನ್ನ ಮುಖವನ್ನೇ ಅಷ್ಟೊಂದು ಸಲ ಬರೆದವನು ಒಮ್ಮೆಯೂ ತನ್ನನ್ನು ಬಚಾವು ಮಾಡಿಕೊಳ್ಳಲಿಲ್ಲ ಎಂದು ಪ್ರೊಫೆಸರು ಹೇಳಿದಾಗ ಅವಳು ಪರದೆಯಿಂದ ಕಣ್ಣು ತೆಗೆದು ಗುಂಡಿಯನ್ನು ನೋಡಿದಳು. ಮುಂದಿನದು ಅವಳದು. ಅವಳಿಗೆ ಕ್ರಮ ಗೊತ್ತಿತ್ತು. ಮೊದಲು ಸೂಜಿಯ ಹೆಂಗಸು ಬಂದಳು, ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ತುಟಿಗೆ ತಾಗಿಸಿಕೊಂಡು. ಆಮೇಲೆ ನೇರಳೆ ದೀಪದ ಫೋಟೊ, ಗೋಡೆಯಷ್ಟು ದೊಡ್ಡದಾಗಿ.

“ಇಲ್ಲಿ ಯಾರೋ ಪುಣ್ಯಾತ್ಮರು ಈ ತಾಯಿಗೆ ಸೋಪು ಹಾಕಿ ಮುಖ ತೊಳೆಸಿದ್ದಾರೆ” ಎಂದರು ಪ್ರೊಫೆಸರು. “ಆಮೇಲೆ ಹೆದರಿಕೆಯಾಗಿ ಪೌಡರ್ ಬಳಿದಿದ್ದಾರೆ.”

ಜನ ನಕ್ಕರು. ಅವಳೂ ನಕ್ಕಳು. ನಕ್ಕದ್ದು ಅವಳಿಗೆ ಆಮೇಲೆ ಗೊತ್ತಾಯಿತು, ಬಾಯಿ ಇನ್ನೂ ತೆರೆದಿದ್ದುದರಿಂದ. ಪಕ್ಕದಲ್ಲಿ ನಿಂತಿದ್ದ ಕಾವಲುಗಾರ ಅವಳತ್ತ ನೋಡಿ ಮುಗುಳ್ನಕ್ಕು ತಲೆಯಾಡಿಸಿದ, ನಮ್ಮ ಹತ್ತಿ ಅಕ್ಕ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವ ಹಾಗೆ. ಅಷ್ಟರಲ್ಲಿ ಎರಡನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು, ತರಗತಿಯಲ್ಲಿ ಅಪ್ಪಣೆ ಕೇಳುವವರಂತೆ ಮೊಣಕೈ ಮಡಿಸಿಕೊಂಡು. ಮಗಳು ಅವರ ಅಂಗಿಯ ತೋಳು ಹಿಡಿದು ಎಳೆದದ್ದು ಕಾಣಿಸಿತು. ಮೇಷ್ಟ್ರು ಎದ್ದು ನಿಂತರು.

“ಅದು ನಾನು” ಎಂದರು. “ನನ್ನ ಕಣ್ಣಲ್ಲಿ ಆಗ ಪೊರೆ ಬೆಳೀತಿತ್ತು. ಯಾರಿಗೂ ಹೇಳದೆ ಕೆಲಸ ಮಾಡಿದೆ. ಹೇಳಬೇಕಿತ್ತು.”

ಕೂತರು. ನಿರ್ದೇಶಕರು ಕೆಮ್ಮಿದರು. ಜನ ಕತ್ತು ಹೊರಳಿಸಿ ಆ ಮುದುಕರನ್ನು ನೋಡಿದರು. ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿ, ಜೊತೆ ಸಿಗದೆ ನಿಲ್ಲಿಸಿದರು. ಪ್ರೊಫೆಸರು ಕೆಂಪಾಗಿ, ಕ್ಷಮಿಸಿ, ನನಗೆ ಗೊತ್ತಿರಲಿಲ್ಲ, ಎಂಥವರಿಗೂ ಆಗುವಂಥದ್ದು ಎಂದು ತೊದಲಿ, ಮುಂದಿನದು ಅಂದರು. ಅವಳ ಬೆರಳು ಎರಡು ಸಲ ಒತ್ತಿತು. ಬರಬೇಕಾದ ಚಿತ್ರ ಬಂದು ಹೋಗಿಯೇ ಬಿಟ್ಟಿತು. ಹಿಂದಕ್ಕೆ ಒತ್ತಿದಳು, ಮತ್ತೆ ಅದೇ ಕಪ್ಪು ಕೆನ್ನೆ ಬಂತು. ಸಭೆಯಲ್ಲಿ ಸಣ್ಣಗೆ ಗುಸುಗುಸು. ಕೊನೆಗೆ ಮೋನೆ ಬರೆದ ಹುಲ್ಲಿನ ಬಣವೆಗಳು ಬಂದು ನಿಂತವು, ಕಪ್ಪನ್ನೇ ಡಬ್ಬಿಯಿಂದ ಹೊರಗೆ ಹಾಕಿದವನ ನೀಲಿ, ನೇರಳೆ ನೆರಳುಗಳು. ನಾನು ಎಂಬ ಒಂದೇ ಒಂದು ಪದ ಬೇಕಿತ್ತು. ಅವಳು ಆ ಪದದ ಸುತ್ತ ಬಾಯಿಯನ್ನು ಸಿದ್ಧಮಾಡಿಕೊಂಡೂ ಆಗಿತ್ತು. ಈಗ ಹೇಳಿದರೆ ಮೇಷ್ಟ್ರ ತ್ಯಾಗಕ್ಕೆ ಅವಮಾನ ಮಾಡಿದಂತಾಗುತ್ತದೆ ಎಂಬ ಯೋಚನೆ ಎಲ್ಲಿಂದಲೋ ಬಂತು. ಎಷ್ಟು ಬೇಗ ಬಂತು, ಕರೆಯುವ ಮೊದಲೇ ಓಡಿಬರುವ ಹಳೆಯ ಆಳಿನ ಹಾಗೆ.

ಮಾತು ಮುಗಿದು ಜನ ಹೊಸ ಕೋಣೆಯತ್ತ ಸಾಗಿದ ಮೇಲೆ, ಮೇಷ್ಟ್ರು ಹೊರಗಿನ ಉದ್ದನೆಯ ಓಣಿಯಲ್ಲಿ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಗಳು ಅವರಿಗೆ ನೀರು ತರಲು ಹೋಗಿದ್ದಳು. ಅವಳು ಯಂತ್ರವನ್ನು ಆರಿಸಿ ಬಂದು ಮೇಷ್ಟ್ರ ಪಕ್ಕದಲ್ಲಿ ಕೂತಳು. ಅವರು ಮುಖ ನೋಡಿ, ಗುರುತಿಸಿ, ಸಂತೋಷದಿಂದಲೇ, ಎಡಚಿ, ಬಿಳಿ ಕೂದಲು ಬಂತಲ್ಲ ನಿನಗೂ ಎಂದರು. ಆ ಹಳೆಯ ಹೆಸರು ಕಿವಿಗೆ ಬಿದ್ದದ್ದೇ ತಡ, ಒಳಗೆ ಕಟ್ಟಿ ನಿಂತಿದ್ದದ್ದೆಲ್ಲ ಸಡಿಲವಾಯಿತು. ಅವರ ಕೈ ಹಿಡಿದುಕೊಂಡಳು.

“ಮೇಷ್ಟ್ರೇ, ಆವತ್ತು ಸರಿ, ಇವತ್ತೂ ಯಾಕೆ? ಇಷ್ಟು ಜನರ ಮುಂದೆ ನನಗೋಸ್ಕರ ನೀವು ಇನ್ನೊಂದು ಸಲ ತಲೆ ತಗ್ಗಿಸಬೇಕಿತ್ತಾ? ಈ ಋಣ ನಾನು ಯಾವತ್ತು ತೀರಿಸಲಿ?”

“ನಿನಗೋಸ್ಕರಾನಾ?” ಎಂದರು ಅವರು.

ಅವರ ಮುಖದಲ್ಲಿ ಇದ್ದುದು ವಿನಯವಲ್ಲ. ಅರ್ಥವಾಗದವರ ಮುಖ. ಕಿವಿ ಮಂದವಾದವರು ಇನ್ನೊಮ್ಮೆ ಹೇಳು ಎಂದು ಮುಂದೆ ಬಾಗುವಂತೆ ಅವರು ಬಾಗಿದರು. ಅವಳಿಗೆ ಆಗ, ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಾಗ ಆಗುವಂತೆ, ಮೈಯೆಲ್ಲ ಒಮ್ಮೆ ಕೆಳಗಿಳಿಯಿತು. ಕೈಬಿಟ್ಟಳು. ಬಿಟ್ಟರೂ ಈಗ ಹಿಂದೆ ಹೋಗುವ ದಾರಿ ಇರಲಿಲ್ಲ.

“ಆ ಕೆನ್ನೆ ತೊಳೆದಿದ್ದು ನಾನಲ್ವಾ. ನಿಮಗೆ ಗೊತ್ತಿತ್ತಲ್ಲ. ನೀವು ಹೌದಾ ಅಂದ್ರಲ್ಲ.”

ಮಗಳು ನೀರಿನ ಲೋಟ ಹಿಡಿದು ಬಂದಳು. ಇವರಿಬ್ಬರ ಮುಖ ನೋಡಿ ಲೋಟವನ್ನು ಬೆಂಚಿನ ಮೇಲಿಟ್ಟು ಕಿಟಕಿಯ ಬಳಿ ಹೋಗಿ ನಿಂತಳು. ಮೇಷ್ಟ್ರು ತಮ್ಮ ಎರಡು ಕೈಗಳನ್ನೂ ಮಂಡಿಯ ಮೇಲೆ ಮಗುಚಿಟ್ಟುಕೊಂಡು ನೋಡುತ್ತಿದ್ದರು, ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವ ಹಾಗೆ.

“ನೀನೇ ಹೇಳಿದೆಯಲ್ಲ, ನಾನು ಮುಗಿಸಿ ಹೋಗಿದ್ದೆ ಅಂತ” ಎಂದರು. “ನನಗೆ ನೆನಪಿರಲಿಲ್ಲ. ಆ ಎರಡು ವಾರದ್ದು ನನಗೆ ಏನೂ ನೆನಪಿಲ್ಲ. ನೀನು ಹೇಳಿದೆ, ಹಾಗಾದ್ರೆ ಇರಬೇಕು ಅಂದುಕೊಂಡೆ. ಆಮೇಲೆ ಫೋಟೊ ಬಂತು. ಹೆಂಡತಿ ಸಾಯ್ತಾ ಮಲಗಿದ್ದಾಗ ನಾನಿಲ್ಲಿ ಕೂತು, ಕಣ್ಣು ಕಾಣದೆ, ಮುನ್ನೂರು ವರ್ಷದ ಒಂದು ಮುಖ ಒರೆಸಿಹಾಕಿ, ಅದನ್ನ ಮರೆತೂಬಿಟ್ಟಿದ್ದೀನಿ ಅಂತ.” ಕೈಗಳನ್ನು ಅಂಗೈ ಮೇಲಾಗಿ ತಿರುಗಿಸಿದರು. “ಹನ್ನೊಂದು ವರ್ಷ ಆಯ್ತು, ನಾನು ಬ್ರಷ್ ಹಿಡಿದಿಲ್ಲ. ಮನೇಲೂ.”

ಅವಳು ಏನು ಹೇಳಿದಳೋ, ತಪ್ಪಾಯಿತು ಎಂದಳೋ, ಎನ್ನಲಿಲ್ಲವೋ ಅವಳಿಗೆ ತಿಳಿಯದು. ಅವರು ಎದ್ದರು. ಮಗಳಿಗೆ ಇರು ಎಂದು ಕೈ ಮಾಡಿ, ಹೊಸ ಕೋಣೆಯ ಕಡೆ ನಡೆದರು. ಅವಳು ಅವರ ಎರಡು ಹೆಜ್ಜೆ ಹಿಂದೆಯೇ ನಡೆದಳು, ಅವರು ಬಾ ಎಂದು ಕರೆಯದಿದ್ದರೂ. ಜನ ಆಗಲೇ ತಿಂಡಿಯ ಮೇಜಿನತ್ತ ತಿರುಗಿದ್ದರು. ಸೂಜಿಯ ಹೆಂಗಸಿನ ಮುಂದೆ ಯಾರೂ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರು ಈ ಚಿತ್ರವನ್ನು ನೋಡಿಯೇ ಇರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು. ಇವತ್ತು ಹಟ ಹಿಡಿದು ಬಂದದ್ದು ತನ್ನ ಕೈ ಮಾಡಿದ್ದನ್ನು ಒಮ್ಮೆ ಸರಿಯಾದ ಕಣ್ಣಿನಿಂದ ನೋಡಲೆಂದು. ಅವರು ಕನ್ನಡಕ ತೆಗೆದು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಮೂಲೆಯ ಕಾವಲುಗಾರ ಹತ್ತಿರ ಹೋಗಬೇಡಿ ಎನ್ನಲು ಬಂದು, ಅವಳನ್ನು ಕಂಡು ನಿಂತ. ಮೇಷ್ಟ್ರು ನೋಡುತ್ತಲೇ ಇದ್ದರು. ಆಮೇಲೆ ಚಿತ್ರದ ಮುಂದೆ ಗಾಳಿಯಲ್ಲಿ ಒಂದು ಬೆರಳನ್ನು ಓರೆಯಾಗಿ, ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಳೆದರು. ಇನ್ನೊಮ್ಮೆ ಎಳೆದರು. ಎಡಗೈ ಗೆರೆ ಅಂತ ಇದನ್ನು ಯಾರು ಬೇಕಾದರೂ ಹೇಳಬಹುದಿತ್ತು ಎಂದು ಮೆಲ್ಲಗೆ ತಮಗೇ ಹೇಳಿಕೊಂಡರು.

“ಎಷ್ಟು ಹತ್ತಿ?” ಎಂದು ಕೇಳಿದರು, ತಿರುಗದೆ.

ಅವಳಿಗೆ ಪ್ರಶ್ನೆ ಅರ್ಥವಾಯಿತು. ಅದು ಕೆಲಸದ ಕೋಣೆಯ ಪ್ರಶ್ನೆ, ಎಷ್ಟು ಹತ್ತಿಕಡ್ಡಿಯಲ್ಲಿ ಒರೆಸಿದೆ ಎಂದು. ಮೂರು ಎಂದಳು. ಮೊದಲನೆಯದು ಎಂಥಾ ಬಣ್ಣ ಬಂತು ಎಂದರು. ಹಳದಿ. ಎರಡನೆಯದು? ಕೆಂಪು ಬಂತು, ಮೇಷ್ಟ್ರೇ. ವಾರ್ನಿಶ್ಶಿನಲ್ಲಿ ಕೆಂಪು ಇರುತ್ತದಾ ಎಂದು ಅವರು ಕೇಳಿದರು. ಇಲ್ಲ ಎಂದಳು. ಮೊದಲ ವರ್ಷದ ಪಾಠವದು. ಹಳದಿ ಬಂದರೆ ಕೊಳೆ, ಕೆಂಪು ಬಂದರೆ ಚಿತ್ರ.

“ಹಾಗಾದ್ರೆ ಮೂರನೇದು ಯಾಕೆ ತಗೊಂಡೆ?”

ಹದಿನಾಲ್ಕು ವರ್ಷ ಅವಳು ಈ ಒಂದು ಪ್ರಶ್ನೆಯ ಸುತ್ತ ಬೇಲಿ ಹಾಕಿಕೊಂಡು ತಿರುಗಾಡಿದ್ದಳು. ಯಾಕೆ ಮುಟ್ಟಿದೆ ಎಂದು ಕೇಳಿಕೊಂಡಿದ್ದಳೇ ಹೊರತು ಯಾಕೆ ನಿಲ್ಲಿಸಲಿಲ್ಲ ಎಂದಲ್ಲ. ಗುರುವಿನ ದುಃಖವನ್ನೂ ನಿರ್ದೇಶಕರ ಮಾತನ್ನೂ ಇಲ್ಲಿಗೆ ತರಲು ಬರುತ್ತಿರಲಿಲ್ಲ. ಆ ಮಧ್ಯಾಹ್ನ ಕೆಂಪಾದ ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಏನೆಂದು ಗೊತ್ತಾಗಿತ್ತು. ಗೊತ್ತಾದ ಮೇಲೂ ಕೆಳಗೆ ಅಷ್ಟಗಲ ತೆರೆದುಕೊಂಡಿದ್ದ ಆ ಗುಲಾಬಿಯನ್ನು ನೋಡಿದಳು. ಮುನ್ನೂರು ವರ್ಷದಿಂದ ಯಾರ ಕಣ್ಣಿಗೂ ಬೀಳದ ಬಣ್ಣ, ಬರೆದವನ ನಂತರ ತಾನೊಬ್ಬಳೇ ನೋಡುತ್ತಿರುವ ಬಣ್ಣ. ಇನ್ನಷ್ಟು ಕಾಣಬೇಕೆನ್ನಿಸಿತು. ಅಷ್ಟೇ ನಿಜ, ಅದಕ್ಕಿಂತ ಮರ್ಯಾದೆಯದು ಇರಲಿಲ್ಲ.

“ಚೆನ್ನಾಗಿ ಕಾಣ್ತಿತ್ತು” ಎಂದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಹೂಂ ಎಂದರು, ಉತ್ತರ ಸರಿಯಿದೆ ಎಂಬ ಹಾಗೆ; ಶಿಷ್ಯೆ ನಿಜ ಹೇಳಿದಾಗ ಹಿಂದೆಯೂ ಹಾಗೆಯೇ ಅನ್ನುತ್ತಿದ್ದರು. ಆಮೇಲೆ ಅವಳ ಮುಖ ನೋಡದೆ, ಅವಳ ಪಕ್ಕದಿಂದ ದಾಟಿ, ಮಗಳಿದ್ದ ಕಡೆ ನಡೆದುಹೋದರು.

ಮರುದಿನ ಅವಳು ಎರಡು ಪುಟ ಬರೆದು ಸಹಿ ಹಾಕಿ ನಿರ್ದೇಶಕರಿಗೆ ಕೊಟ್ಟಳು. ಯಾವ ಸಾಲ್ವೆಂಟು, ಯಾವ ದಿನ, ಎಷ್ಟು ಹೊತ್ತು, ಯಾರ ಅಪ್ಪಣೆಯಿಲ್ಲದೆ. ಯಾರ ಮೇಲೆ ಸುಳ್ಳು ಹೊರಿಸಿದ್ದು. ನಿರ್ದೇಶಕರು ಓದಿ, ಹಣೆ ಉಜ್ಜಿಕೊಂಡು, ಇದೆಲ್ಲ ಹಳೆ ಕಥೆ, ಈಗ ಯಾರಿಗೆ ಬೇಕು, ನೀವು ಒಳ್ಳೆಯ ಕೆಲಸಗಾರರು, ನಾಳೆ ಪತ್ರಿಕೆಯವರಿಗೆ ಗೊತ್ತಾದರೆ ಮ್ಯೂಸಿಯಮ್ಮಿಗೇ ಕೆಟ್ಟ ಹೆಸರು ಎಂದರು. ವಾಪಸು ತೆಗೆದುಕೊಂಡು ಹೋಗಿ ಎನ್ನುವಂತೆ ಪುಟಗಳನ್ನು ಅವಳ ಕಡೆ ಸರಿಸಿದರು. ಅವಳು ತೆಗೆದುಕೊಳ್ಳಲಿಲ್ಲ. ಕೊನೆಗೆ ಅವರು ಫೈಲಿಗೆ ಸೇರಿಸಿದರು, ಫೈಲು ಕಪಾಟಿಗೆ ಹೋಯಿತು. ಗೋಡೆಯ ಚೀಟಿಯಲ್ಲಿ ಯಾರ ಹೆಸರೂ ಇಲ್ಲದಿದ್ದುದರಿಂದ ತಿದ್ದಲು ಏನೂ ಇರಲಿಲ್ಲ. ಶಿಕ್ಷೆಯಾಗುತ್ತದೆಂದು ಅವಳು ಮೇಜಿನ ಖಾನೆಯನ್ನು ಖಾಲಿ ಮಾಡಿಟ್ಟುಕೊಂಡಿದ್ದಳು. ವಾರದ ಕೊನೆಗೆ ಒಂದೊಂದೇ ಸಾಮಾನನ್ನು ಮತ್ತೆ ಒಳಗಿಟ್ಟಳು. ಗಂಡನಿಗೆ ಹೇಳಿದಳು. ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿ, ಈಗಲಾದರೂ ಹೇಳಿದೆಯಲ್ಲ, ಬಿಡು, ಮನಸ್ಸು ಹಗುರಾಯಿತು ಎಂದ. ಅವಳಿಗೆ ಸಿಟ್ಟು ಬಂತು. ಹಗುರಾಗಿರಲಿಲ್ಲ. ಮೊದಲು ತನ್ನೊಳಗೆ ಕ್ಷಮಿಸಿದ ಮುದುಕರೊಬ್ಬರಿದ್ದರು, ಈಗ ಆ ಜಾಗದಲ್ಲಿ ಯಾರೂ ಇರಲಿಲ್ಲ.

ಹತ್ತು ದಿನ ಬಿಟ್ಟು, ಒಂದು ಮಧ್ಯಾಹ್ನ ರಜೆ ಹಾಕಿ, ಮೇಷ್ಟ್ರ ಮನೆಗೆ ಹೋದಳು. ಮೂರನೆಯ ಮಹಡಿ. ಹತ್ತುವಾಗ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತ ಹತ್ತಿದಳು, ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಒಂದು ಮಾತೂ ಉಳಿಯಲಿಲ್ಲ. ಮೂರನೆಯದರ ತಿರುವಿನಲ್ಲಿಯೇ ವಾಸನೆ ಬಂತು. ಬಣ್ಣ ಕಲಸುವ ಟರ್ಪೆಂಟೈನು, ಅಗಸೆ ಎಣ್ಣೆ. ಅವಳು ಕಂಬಿ ಹಿಡಿದು ನಿಂತಳು. ಅವರ ನಿವೃತ್ತಿಯ ನಂತರ ಈ ಮನೆಗೆ ಬರುತ್ತಿದ್ದ ಆ ಎರಡು ವರ್ಷದಲ್ಲಿ ಒಮ್ಮೆಯೂ ಈ ವಾಸನೆ ಇರಲಿಲ್ಲವೆಂದು ಈಗ ನೆನಪಾಯಿತು. ಆಗ ಅದನ್ನು ಗಮನಿಸಿರಲೂ ಇಲ್ಲ.

ಮಗಳು ಬಾಗಿಲನ್ನು ಅರ್ಧ ತೆರೆದಳು. ಕೆನ್ನೆಯ ಮೇಲೆ, ಯಾವುದೋ ಬಟ್ಟೆಯಿಂದ ಒರೆಸಿಕೊಂಡಿದ್ದಿರಬೇಕು, ಒಂದು ಗೀಟು ನೀಲಿ ಬಣ್ಣವಿತ್ತು. ಅವಳನ್ನು ಕಂಡು ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡಳು. ತಪ್ಪು ತಿಳಿಯಬೇಡಿ ಅಕ್ಕ, ಅಪ್ಪ ಯಾರನ್ನೂ ಒಳಗೆ ಬಿಡಬೇಡ ಎಂದಿದ್ದಾರೆ ಎಂದಳು. ಯಾರನ್ನೂನಾ, ನನ್ನನ್ನಾ ಎಂದು ಅವಳು ಕೇಳಿದಳು. ಮಗಳು ಚಿಲಕವನ್ನು ನೋಡಿದಳು. ಆಮೇಲೆ, ಹೇಳದೆ ಇರಲಾರದವಳಂತೆ, ತಗ್ಗಿದ ದನಿಯಲ್ಲಿ ಹೇಳಿದಳು. ಆವತ್ತು ಮನೆಗೆ ಬಂದವರೇ ಅಟ್ಟದಿಂದ ಬಣ್ಣದ ಪೆಟ್ಟಿಗೆ ಇಳಿಸಿಕೊಟ್ಟೇ ತೀರಬೇಕೆಂದರಂತೆ. ಹಳೆಯ ಬಣ್ಣವೆಲ್ಲ ಕಲ್ಲಾಗಿತ್ತು, ಹೊಸದು ತಂದುಕೊಟ್ಟಳಂತೆ. ಬೆಳಿಗ್ಗೆ ಕೂತರೆ ಬೆಳಕು ಹೋಗುವವರೆಗೆ ಏಳುವುದಿಲ್ಲ. ಮೊದಲ ಎರಡು ದಿನ ಕೈ ನಡುಗುತ್ತಿತ್ತು, ಈಗ ಇಲ್ಲ. ಹೇಳುವಾಗ ಅವಳ ಮುಖ ತುಂಬ ಸಂತೋಷವಿತ್ತು. ಯಾರೆದುರು ಸಂತೋಷಪಡುತ್ತಿದ್ದೇನೆಂದು ನೆನಪಾಗಿ ಅದನ್ನು ಅರ್ಧದಲ್ಲಿ ಅಡಗಿಸಿಕೊಂಡಳು.

ಒಳಗೆ ಗಾಜಿನ ಮೇಲೆ ಬಣ್ಣ ಕಲಸುವ ಚಾಕುವಿನ ಸದ್ದು ನಿಂತಿತು. “ಯಾರು ಬಂದಿದ್ದು?” ಎಂದು ಮೇಷ್ಟ್ರ ದನಿ ಕೇಳಿತು. ಎಷ್ಟೋ ವರ್ಷದ ಹಿಂದಿನ, ಕೆಲಸದ ನಡುವೆ ತೊಂದರೆ ಕೊಟ್ಟವರನ್ನು ಕೇಳುವ ದನಿ.

ಮಗಳು ಅವಳನ್ನು ನೋಡಿದಳು. ಹೇಳಲಾ ಎಂದು ಕಣ್ಣಿನಲ್ಲೇ ಕೇಳಿದಳು. ಅವಳು ಬೇಡವೆಂದು ತಲೆಯಾಡಿಸಿದಳು.

“ಯಾರೂ ಇಲ್ಲಪ್ಪ” ಎಂದಳು ಮಗಳು.

ಬಾಗಿಲು ಮುಚ್ಚಿತು. ಚಾಕು ಮತ್ತೆ ಗಾಜಿನ ಮೇಲೆ ಆಡತೊಡಗುವವರೆಗೆ ಅವಳು ಅಲ್ಲಿಯೇ ನಿಂತಿದ್ದಳು. ಆಮೇಲೆ ಸದ್ದಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮೂರು ಮಹಡಿಯನ್ನೂ ಬರಿಗಾಲಲ್ಲಿ ಇಳಿದಳು.